ಉಣ್ಣದ ನಾಯಿಯ ಕಾವಲು

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ೧೯೫೭ರಲ್ಲಿ, ನಾನು ಔರಾದಿನ ಸರ್ಕಾರಿ ಪಶುವೈದ್ಯ. ನನ್ನ ಮಂಡ್ಯದ ಕನ್ನಡಕ್ಕೆ ಅಲ್ಲಿಯ ಎತ್ತುಗಳೂ ಕಿವಿ ನಿಮಿರಿಸುತ್ತಿದ್ದವು.

ಒಂದು ಬೆಳಿಗ್ಗೆ ಹತ್ತಿರದ ಡಾಬಕಾ ಹಳ್ಳಿಯ ಕಿರಾಣಿ ಅಂಗಡಿಯ ಬಾಬುರಾಯರಿಗೆ ನಾಯಿ ಕಚ್ಚಿತು. ನಾನು ಹೋಗುವಷ್ಟರಲ್ಲಿ ಬಾಬುರಾಯರೂ ಊರಿನವರೂ ಬಡಿಗೆ ಹಿಡಿದು ನಿಂತಿದ್ದರು. ನಾಯಿಯನ್ನು ತಬ್ಬಿ ಕೂತವನು ಶಂಕ್ರೆಪ್ಪ. ನಿಜಾಮರ ಕಾಲದಲ್ಲಿ ಜೈಲಿಗೆ ಹೋಗಿ, ಹದಿನಾಲ್ಕು ವರ್ಷದ ಮೇಲೆ ಬಂದವನು. ಬಂದ ಮೇಲೆ ಸೂರಿನಡಿ ಮಲಗಿರಲಿಲ್ಲ. ಬಾಗಿಲು ಮುಚ್ಚಿದ ಸದ್ದಾದರೆ ಬೆವರುತ್ತಿದ್ದ. ಊರಲ್ಲಿ ಅವನ ಜೊತೆಗಿದ್ದದ್ದು ಆ ನಾಯಿಯೊಂದೇ.

"ಕೊಂದರೆ ಏನೂ ತಿಳಿಯುವುದಿಲ್ಲ" ಎಂದೆ. ಕಚ್ಚಿದ ನಾಯಿ ಹತ್ತು ದಿನ ಆರೋಗ್ಯವಾಗಿ ಉಳಿದರೆ, ಕಚ್ಚುವಾಗ ಅದಕ್ಕೆ ರೇಬಿಸ್, ಅಂದರೆ ಹುಚ್ಚುನಾಯಿ ರೋಗ, ಇರಲಿಲ್ಲವೆಂದು ಅರ್ಥ. ನಾಯಿ ಬದುಕಿದರೆ ತಾವೂ ಬದುಕಿದಂತೆ ಎಂದು ತಿಳಿದೊಡನೆ ಬಾಬುರಾಯರು ಬಡಿಗೆ ಬಿಸಾಕಿದರು.

ಔರಾದಿನ ನಮ್ಮ ದವಾಖಾನೆಯ ಖಾಲಿ ಕೋಣೆಯಲ್ಲಿ ನಾಯಿಯನ್ನು ಕೂಡಿಹಾಕಿ ಬೀಗ ಜಡಿದೆ. ಆ ಸದ್ದಿಗೆ ಶಂಕ್ರೆಪ್ಪ ಕಿವಿ ಮುಚ್ಚಿಕೊಂಡ, ಆದರೆ ಹೋಗಲಿಲ್ಲ. ಕಿಟಕಿಯ ಕೆಳಗೆ ಕೂತುಬಿಟ್ಟ. ಬಾಬುರಾಯರು ಔರಾದಿನಲ್ಲೇ ಉಳಿದು ದಿನಾ ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದು, ದೂರದಿಂದ ನಾಯಿಯನ್ನು ನೋಡುತ್ತಿದ್ದರು.

ಮೂರು ದಿನವಾದರೂ ನಾಯಿ ಅನ್ನ ಮುಟ್ಟಲಿಲ್ಲ. ಮೂಲೆ ಸೇರಿ ನಡುಗುತ್ತಿತ್ತು. ರೇಬಿಸಿನ ಲಕ್ಷಣಗಳಲ್ಲಿ ಅವೂ ಸೇರಿವೆ.

"ನಂದು ಮುಗೀತೇನ್ರಿ, ಡಾಕ್ಟರ್ ಸಾಬ್? ಮನ್ಯಾಗ ಸಣ್ಣ ಮಕ್ಳ ಅವರಿ" ಎಂದರು ಬಾಬುರಾಯರು.

ಉತ್ತರ ಕೊಟ್ಟವನು ಶಂಕ್ರೆಪ್ಪ.

"ಕೀಲಿ ಬಿದ್ದಾಗ ನಾನೂ ಹಿಂಗ ಮೂಲಿ ಹಿಡದಿದ್ದೆರಿ. ಒಬ್ಬಾಂವನೇ ಕುಂತ್ರ ರೊಟ್ಟಿ ಗಂಟಲದಾಗ ಇಳೀಲಿಲ್ಲ. ಸಾವ್ಕಾರ್ರ, ಅದರ ಎದುರಿಗಿ ಕುಂತು ಉಣ್ಣೂಣು ಬರ್ರಿ."

ಜೈಲಿನಿಂದ ಬಂದವನ ಜೊತೆ ಊಟವೇ? ಬಾಬುರಾಯರು ಗಳಿಗೆ ಹೊತ್ತು ನಿಂತರು. ಜೀವದಾಸೆ ದೊಡ್ಡದು, ಕೂತರು. ಕಿಟಕಿಯ ಸರಳಿನಾಚೆ ಇಬ್ಬರೂ ಒಂದೇ ಬುತ್ತಿಯ ರೊಟ್ಟಿ ಮುರಿದರು. ನಾಯಿ ಎದ್ದು ಕಿಟಕಿಯತ್ತ ಬಂತು, ಮತ್ತೆ ಹಿಂದೆ ಸರಿಯಿತು. ಕೊನೆಗೆ ಅದು ತಟ್ಟೆಗೆ ಬಾಯಿ ಹಾಕಿತು. ಬಾಬುರಾಯರು ಗಳಗಳ ಅತ್ತರು.

ಅಂದಿನಿಂದ ಆ ಊಟ ಒಂದು ದಿನವೂ ತಪ್ಪಲಿಲ್ಲ. ಮೊದಮೊದಲು ನಾಯಿಗಾಗಿ, ಆಮೇಲಾಮೇಲೆ ಮಾತಿಗಾಗಿ. ಹತ್ತು ದಿನ ತುಂಬಿದ ಮೇಲೆ ಬೀಗ ತೆಗೆದೆ. ನಾಯಿ ಶಂಕ್ರೆಪ್ಪನ ಮೇಲೆ ಹಾರಿ ಮುಖವೆಲ್ಲ ನೆಕ್ಕಿತು.

"ಶಂಕ್ರೆಪ್ಪಾ, ಇನ್ನ ಮ್ಯಾಲ ನಮ್ಮ ಅಂಗಡ್ಯಾಗ ಮಲಗು" ಎಂದರು ಬಾಬುರಾಯರು.

ಅವನು ನನ್ನ ಕೈಯ ಬೀಗ ನೋಡಿದ. "ಬಾಗ್ಲಾ ಹಾಕಬ್ಯಾಡ್ರಿ ಮತ್ತ."

"ಹಾಕಂಗಿಲ್ಲೋ. ಕಾಯಲಾಕ ನಾಯಿ ಅದ ಅಲ್ಲ!"

ಆಮೇಲಿನ ನೌಕರಿಯುದ್ದಕ್ಕೂ, ಮೇವು ಬಿಟ್ಟ ಪ್ರಾಣಿಯನ್ನು ಯಾರೇ ತಂದರೂ ನಾನು ನಾಲಗೆ ನೋಡುವ ಮೊದಲು ಒಂದು ಮಾತು ಕೇಳುತ್ತಿದ್ದೆ: ಇದು ಯಾರ ಜೊತೆ ಉಣ್ಣುತ್ತಿತ್ತು?