ಬೋಟು ನಿಲ್ಲುವ ತಿಂಗಳಿನ ಮಾತ್ರೆ

ನಾಲ್ಕು ಮಳೆಗಾಲ ನಾನು ನನ್ನ ಗಂಡನನ್ನು ದ್ವೇಷಿಸುತ್ತೇನೆಂದೇ ನಂಬಿದ್ದೆ. ಸಿಟ್ಟಿನ ಭರದಲ್ಲಿ ಹುಟ್ಟಿದ ನಂಬಿಕೆಯಲ್ಲ ಅದು. ಕಣ್ಣೆದುರಿಗೆ ಸಾಕ್ಷಿ ಇಟ್ಟುಕೊಂಡು ತೀರ್ಮಾನಿಸಿದ್ದೆ. ಅವರು ಮನೆಯಲ್ಲಿದ್ದರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಅವರು ಹೋದ ಮೇಲೆ ತಹಬಂದಿಗೆ ಬರುತ್ತಿತ್ತು. ಇದಕ್ಕಿಂತ ಹೆಚ್ಚಿನ ಪುರಾವೆ ಯಾರಿಗೆ ಬೇಕು?

ಅವರು ರತ್ನಾಗಿರಿಯ ಒಂದು ಬೋಟಿನಲ್ಲಿ ತಾಂಡೇಲ. ಬೋಟನ್ನೂ ಅದರಲ್ಲಿರುವ ಜನರನ್ನೂ ನಡೆಸುವ ಕೆಲಸ. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆಗೆ ನಿಷೇಧ, ಬೋಟುಗಳು ಕಡಲಿಗೆ ಇಳಿಯುವಂತಿಲ್ಲವಲ್ಲ, ಆ ಎರಡು ತಿಂಗಳೇ ನಮ್ಮ ಸಂಸಾರ. ಉಳಿದ ಹತ್ತು ತಿಂಗಳು ಫೋನು, ನಡುವೆ ಹಬ್ಬಕ್ಕೋ ಮದುವೆಗೋ ಎರಡು ದಿನದ ರಜೆ. ಮದುವೆಯಾದ ಹೊಸತರಲ್ಲಿ ಮೇ ತಿಂಗಳು ಬಂತೆಂದರೆ ನಾನು ಕ್ಯಾಲೆಂಡರಿನ ಹತ್ತಿರ ಸುಳಿದಾಡುವುದು ಹೆಚ್ಚಾಗುತ್ತಿತ್ತು. "ಎಂತ ಹೆಣೆ, ದಿನ ಹೋತಿಲ್ಯಾ?" ಎಂದು ಅತ್ತೆ ಕೆಣಕುತ್ತಿದ್ದರು. ನಾನು ನಾಚಿಕೊಂಡು ಒಳಗೆ ಓಡುತ್ತಿದ್ದೆ. ಹೌದು, ನಾನೂ ನಾಚಿಕೊಳ್ಳುತ್ತಿದ್ದ ಕಾಲವೊಂದಿತ್ತು.

ಮಗಳು ಹುಟ್ಟಿದ್ದು ಕಷ್ಟದ ಹೆರಿಗೆ. ಹೊಟ್ಟೆ ಕೊಯ್ದು ತೆಗೆದರು. ಸ್ವಲ್ಪ ವರ್ಷ ಇನ್ನೊಂದು ಬೇಡ ಎಂದು ಆಸ್ಪತ್ರೆಯಲ್ಲಿ ಗಟ್ಟಿಯಾಗಿ ಹೇಳಿ ಕಳಿಸಿದರು. ಅತ್ತೆಗೆ ಮಾತ್ರ ಮೊಮ್ಮಗನ ಮುಖ ನೋಡುವ ಆಸೆ. ನಾನು ಅತ್ತ ದರಿ, ಇತ್ತ ಪುಲಿ ಎಂಬಂತಿದ್ದಾಗ ನಮ್ಮ ಆಶಾ ಕಾರ್ಯಕರ್ತೆ ದಾರಿ ತೋರಿಸಿದರು. ಬಸಿರಾಗದಂತೆ ಇಪ್ಪತ್ತೆಂಟು ಮಾತ್ರೆಯ ಶೀಟು; ಬಿಳಿಯದು ಇಪ್ಪತ್ತೊಂದು, ಕಂದು ಬಣ್ಣದ ಕಬ್ಬಿಣದ್ದು ಏಳು. "ಮೇ ತಿಂಗಳಲ್ಲೇ ಶುರು ಮಾಡು, ಮುಟ್ಟಾದ ಐದನೇ ದಿನಕ್ಕೆ. ನಡುವೆ ಬಿಡುಕಾಗ. ವಾಕರಿಕೆ ಬಂದ್ರೆ ಹೆದರ್ಬೇಡ," ಎಂದರು. ಹೊಟ್ಟೆಯ ವಿಷಯ ಹೇಳಿದರು, ಮನಸ್ಸಿನ ವಿಷಯ ಹೇಳಲಿಲ್ಲ. ಅವರಿಗೂ ಯಾರೂ ಹೇಳಿರಲಿಕ್ಕಿಲ್ಲ.

ಮನೆಯಲ್ಲಿಟ್ಟರೆ ಅತ್ತೆಯ ಕಣ್ಣಿಗೆ ಬೀಳುತ್ತದೆ. ನನಗೆ ನಾವುಂದದಲ್ಲಿ ಒಂದು ಲೈಬ್ರರಿಯ ಕೆಲಸ. ಶೀಟನ್ನು ಅಲ್ಲಿಯ ಮೇಜಿನ ಡ್ರಾಯರಿನಲ್ಲಿ, ಹಳೆಯ ರಿಜಿಸ್ಟರಿನ ಕೆಳಗೆ ಇಟ್ಟೆ. ಬೆಳಿಗ್ಗೆ ಬಾಗಿಲು ತೆರೆದು, ಪೇಪರುಗಳನ್ನು ಮೇಜಿಗೆ ಹರಡಿ, ಮೊದಲ ಓದುಗರು ಬರುವುದರೊಳಗೆ ಒಂದು ಮಾತ್ರೆ ನುಂಗುವುದು. ರಜೆಯ ದಿನಕ್ಕೆ ಒಂದನ್ನು ಕಾಗದದಲ್ಲಿ ಸುತ್ತಿ ಪರ್ಸಿನಲ್ಲಿಡುವುದು. ಗಂಡನಿಗೆ ಗೊತ್ತಿತ್ತು, "ಅದೆಲ್ಲ ನೀನೇ ಕಂಡ್ಕೊ" ಎಂದು ಬಿಟ್ಟುಬಿಟ್ಟಿದ್ದರು. ಹೀಗಾಗಿ ಮನೆಯವರ ಕಣ್ಣಿಗೆ ಜೂನ್ ತಿಂಗಳಲ್ಲಿ ಹೊಸತಾಗಿ ಕಾಣುತ್ತಿದ್ದುದು ಒಂದೇ: ನನ್ನ ಗಂಡ.

ಮೊದಲ ಮಳೆಗಾಲದಲ್ಲಿ ಅವರು ರತ್ನಾಗಿರಿಯಿಂದ ಒಂದು ಪೆಟ್ಟಿಗೆ ಮಾವಿನ ಹಣ್ಣು ತಂದಿದ್ದರು. ಜಗಲಿಯಲ್ಲಿ ಕುಳಿತು ಮಗಳ ಬಾಯಿಗೆ ರಸ ಹಿಂಡುತ್ತಿದ್ದರು. ಮಗು ಕೇಕೆ ಹಾಕುತ್ತಿತ್ತು. ನಾನು ಬಾಗಿಲ ಸಂದಿಯಿಂದ ನೋಡುತ್ತಾ ನಿಂತಿದ್ದೆ, ಇದ್ದಕ್ಕಿದ್ದಂತೆ ಅಳು ನುಗ್ಗಿ ಬಂತು. ಸಂತೋಷದ ಅಳು ಎಂದುಕೊಂಡೆ. ಅಡುಗೆಮನೆಗೆ ಹೋಗಿ ನೀರು ಕುಡಿದೆ. ನಿಲ್ಲಲಿಲ್ಲ. ಮರುದಿನವೂ ನಿಲ್ಲಲಿಲ್ಲ. ಆಮೇಲೆ ಎದೆಬಡಿತ ಶುರುವಾಯಿತು. ಯಾವುದೋ ಕೆಟ್ಟ ಸುದ್ದಿ ಹೊಸ್ತಿಲ ತನಕ ಬಂದು ನಿಂತಿದೆ, ಇನ್ನೇನು ಒಳಗೆ ಕಾಲಿಡುತ್ತದೆ ಎಂಬ ಹೆದರಿಕೆ. ಕಡಲಿಗೆ ಹೋದವರ ಬಗ್ಗೆ ಹೆದರುವುದು ನಮ್ಮ ಹೆಂಗಸರಿಗೆ ಹೊಸತಲ್ಲ. ಆದರೆ ನನ್ನವರು ಕಡಲಲ್ಲಿ ಇರಲಿಲ್ಲ, ಜಗಲಿಯಲ್ಲಿ ಮಾವಿನ ಹಣ್ಣು ತಿನ್ನುತ್ತಿದ್ದರು.

ಅವರ ಪ್ರತಿಯೊಂದೂ ನನ್ನನ್ನು ಚುಚ್ಚತೊಡಗಿತು. ಬಲೆ ಹೆಣೆಯುತ್ತಾ ಗುನುಗುವುದು. ಚಹಾ ಸುರಿಯುವಾಗಿನ ಸದ್ದು. ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಡುವುದು. ಯಾವ ಪಾಪವೂ ಇಲ್ಲದ ಕೆಲಸಗಳು ಇವು. ನಾನು ಮನೆಯ ಹಿಂದೆ ಹೊಳೆಯ ಬದಿಗೆ ಹೋಗಿ ಮೈ ಒರೆಸುವ ಬೈರಾಸನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದೆ. ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ, ಮರವಂತೆಯ ರಸ್ತೆಯ ಒಂದು ಬದಿಗೆ ಕಡಲು ಇನ್ನೊಂದು ಬದಿಗೆ ಹೊಳೆ ಬರುವಲ್ಲಿ, ಊರೂರಿನಿಂದ ಬಂದವರು ಫೋಟೋ ತೆಗೆಯುವ ಅದೇ ಜಾಗದಲ್ಲಿ, ನಾನು ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದೆ. ಕಣ್ಣು ತೆರೆದರೆ ಬದುಕು ಸಾಕು ಅನ್ನಿಸುತ್ತಿತ್ತು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ.

ಆಗಸ್ಟಿನಲ್ಲಿ ಅವರು ರೈಲು ಹತ್ತಿದರು, ನಾನು ಮಾತ್ರೆ ನಿಲ್ಲಿಸಿದೆ. ಚೌತಿ ಬರುವಷ್ಟರಲ್ಲಿ ಮೈಮನಸ್ಸು ಹಗುರ. ಓದುಗರೊಡನೆ ಪೇಪರಿನ ಸುದ್ದಿ ಹಿಡಿದು ಜಗಳವಾಡುವಷ್ಟು ಹುಷಾರು. ಪಕ್ಕದ ಮನೆಯವಳು ಬೇಲಿಯಾಚೆಯಿಂದಲೇ ಹೇಳಿದಳು, "ಗಂಡ ಹೋದ್ ಕೂಡ್ಲೆ ಮುಖಕ್ಕೆ ಕಳೆ ಬಂತಲ್ದಾ!" ಅವಳು ತಮಾಷೆಗೆ ಹೇಳಿದ್ದು. ನನಗೆ ಆ ಮಾತು ಮುಳ್ಳಿನ ಹಾಗೆ ಉಳಿಯಿತು.

ಎರಡನೇ ವರ್ಷ ಅವರು ಬರುವ ಮೊದಲೇ, ಮೇ ತಿಂಗಳ ನಡುವಿನಲ್ಲೇ ಎದೆ ಹೊಡೆದುಕೊಳ್ಳಲು ಶುರು. ಬುದ್ಧಿ ಇದ್ದವಳಾಗಿದ್ದರೆ ಅಲ್ಲೇ ತಡೆದು ಯೋಚಿಸಬೇಕಿತ್ತು. ನಾನು ಅದನ್ನೂ ಅವರ ತಲೆಗೇ ಕಟ್ಟಿದೆ: ಬರುತ್ತಾರೆಂಬ ಸುದ್ದಿಗೇ ಹೀಗಾಗುತ್ತಿದೆ ಎಂದು. ಜುಲೈಯಲ್ಲಿ ತಡೆಯಲಾರದೆ ಬ್ರಹ್ಮಾವರದ ತವರಿಗೆ ಹೋಗಿ ಒಂದು ವಾರ ಮಲಗಿದೆ. ಅಲ್ಲೂ ಅದೇ ಎದೆಬಡಿತ. ವಾಪಸು ಹೋಗಬೇಕಲ್ಲ, ಅದರ ಯೋಚನೆಗೆ ಎಂದುಕೊಂಡೆ. ಮಾತ್ರೆಗಳು ಪರ್ಸಿನಲ್ಲಿ ನನ್ನ ಜೊತೆಗೇ ಬಂದಿದ್ದವು. ಅಮ್ಮ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ, "ಅವ ಹೊಡಿತಾನಾ? ಕುಡಿತಾನಾ?" ಎಂದು ಕೇಳಿದಳು. ಎರಡಕ್ಕೂ ಇಲ್ಲ ಎಂದೆ. "ಮತ್ತೆಂತ ನಿಂಗೆ?" ಎಂದಳು. ಒಳ್ಳೆಯ ಗಂಡನನ್ನು ಸಹಿಸಲಾರದ ಹೆಂಗಸು ಎಂಥ ನೀಚಳಿರಬೇಕು ಎಂದು ನನ್ನನ್ನು ನಾನೇ ಬಯ್ದುಕೊಂಡೆ.

ಮೂರನೇ ವರ್ಷ ಅತ್ತೆ ನನ್ನನ್ನು ಬೈಂದೂರಿನ ಆಚೆ ದರ್ಶನ ನಡೆಯುವಲ್ಲಿಗೆ ಕರೆದುಕೊಂಡು ಹೋದರು. ಗಂಡ ಹೆಂಡತಿಯ ನಡುವೆ ಒಂದು ನೆರಳು ನಿಂತಿದೆ ಎಂದು ದೈವ ಮೈಮೇಲೆ ಬಂದವರು ಹೇಳಿದರು. ನೂಲು ಕಟ್ಟಿದರು. ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ಮುದುಕಿ ತನಗೆ ಗೊತ್ತಿದ್ದ ಬಾಗಿಲನ್ನೆಲ್ಲ ತಟ್ಟಿದಳು. ಆ ನೂಲಿನ ಧೈರ್ಯ ನಾಲ್ಕು ದಿನವೂ ನಿಲ್ಲಲಿಲ್ಲ. ಐದನೆಯ ದಿನ ಮಧ್ಯಾಹ್ನ, ಊಟಕ್ಕೆ ಕುಳಿತ ಗಂಡ ಅರ್ಧಕ್ಕೇ ಕೈ ನಿಲ್ಲಿಸಿ ನನ್ನನ್ನೇ ನೋಡಿದರು.

"ನಾನ್ ನಿಂಗೆ ಎಂತ ಮಾಡ್ದೆ, ಹೆಣೆ? ಹೇಳ್."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ, ನಮ್ಮದು ಜಗಳವೇ ಅಲ್ಲ, ಮುಗಿಯುವುದೆಲ್ಲಿಂದ? ನಾನು ಬಾಯಿಗೆ ಬಂದದ್ದನ್ನು ಹೇಳಿದೆ.

"ನೀವ್ ಇಲ್ದಿದ್ರೆ ನಾನ್ ಸಮ ಇರ್ತೆ."

ಅವರು ತಲೆ ಅಲ್ಲಾಡಿಸಿದರು, ಬೋಟಿನ ಮಾಲಿಕರು ಹೇಳಿದ್ದನ್ನು ಕೇಳಿಸಿಕೊಂಡ ಹಾಗೆ. ಉಳಿದ ಅನ್ನವನ್ನು ಉಂಡು ಕೈ ತೊಳೆದರು. ಆ ವರ್ಷ ನಿಷೇಧ ಮುಗಿಯುವ ವಾರ ಮೊದಲೇ ಹೊರಟರು.

ನಾಲ್ಕನೇ ವರ್ಷ ಮೇ ತಿಂಗಳಲ್ಲಿ ನಾನು ಎಂದಿನಂತೆ ಮಾತ್ರೆ ಶುರು ಮಾಡಿದೆ. ತಿಂಗಳ ಕೊನೆಗೆ ಅವರ ಫೋನು ಬಂತು. ಎರಡು ತಿಂಗಳು ಮುಂಬೈಯಲ್ಲಿ ನೆಂಟರೊಬ್ಬರ ಹೋಟೆಲಿನಲ್ಲಿ ಕೆಲಸಕ್ಕೆ ನಿಲ್ಲುತ್ತಾರಂತೆ. "ಈ ಸರ್ತಿ ಬತ್ತಿಲ್ಲೆ. ನೀನ್ ಸಮ ಇರ್ಕ್," ಎಂದರು. ಕಡಲಿನಲ್ಲಿ ನಲವತ್ತು ಅಡಿಯ ಬೋಟು ನಡೆಸುವ ಮನುಷ್ಯ ಬೇರೆಯವರ ಮೇಜು ಒರೆಸಲು ಹೋದರು, ನಾನು ಅಳಬಾರದೆಂದು.

ಶೀಟನ್ನು ನಡುವೆ ಬಿಡಬಾರದು ಎಂದಿದ್ದರಲ್ಲ, ನಾನು ಬಿಡಲಿಲ್ಲ. ಮನಸ್ಸು ಬದಲಾಗಿ ಬಂದುಬಿಟ್ಟರೆ ಎಂಬ ಒಂದು ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಜೂನ್ ಬಂತು. ಮಳೆ ಹಿಡಿಯಿತು. ಜಗಲಿಯಲ್ಲಿ ಬಲೆ ಇರಲಿಲ್ಲ, ಗುನುಗುವವರು ಇರಲಿಲ್ಲ. ನನ್ನ ಎದೆ ಮಾತ್ರ ಹೊಡೆದುಕೊಳ್ಳುತ್ತಿತ್ತು. ಹಿಂದಿನ ಮೂರು ವರ್ಷಕ್ಕಿಂತ ಜೋರಾಗಿ. ಒಂದು ದಿನ ಲೈಬ್ರರಿಯಲ್ಲಿ ಬಾಗಿಲು ಹಾಕಿಕೊಂಡು ನೆಲದ ಮೇಲೆ ಕುಳಿತುಬಿಟ್ಟೆ. ಹೊರಗೆ ಯಾರೋ ಪೇಪರಿಗೆ ಬಂದವರು "ಹ್ವಾಯ್, ಇವತ್ ಲೈಬ್ರರಿ ಇಲ್ಯಾ?" ಎಂದು ಕೂಗುತ್ತಿದ್ದರು. ಗಂಡ ಇಲ್ಲದಿದ್ದರೆ ಸಮ ಇರುತ್ತೇನೆ ಎಂದಿದ್ದೆ. ಅವರಿಲ್ಲ. ಇನ್ನು ಯಾರನ್ನು ಕಳಿಸಲಿ? ಮನೆಯಲ್ಲಿ ಉಳಿದದ್ದು ಅತ್ತೆ, ಮಗಳು ಮತ್ತು ನಾನು. ಕಳಿಸಬೇಕಾದದ್ದು ನನ್ನನ್ನೇ ಎಂಬ ಯೋಚನೆ ಬಂದಾಗ ನನಗೆ ನಿಜವಾಗಿ ಭಯವಾಯಿತು. ಎದ್ದು, ಬೀಗ ಹಾಕಿ, ಸಿಕ್ಕಿದ ಬಸ್ಸು ಹತ್ತಿ ಕುಂದಾಪುರಕ್ಕೆ ಹೋದೆ.

ಅಲ್ಲಿಯ ಡಾಕ್ಟರಮ್ಮ ನನಗಿಂತ ಚಿಕ್ಕವರು. ಎದೆಬಡಿತ ಎಂದು ಹೇಳಿದೆ. ಇಸಿಜಿ ಮಾಡಿಸಿದರು, ಸರಿಯಿತ್ತು. ಏನಾದರೂ ಮಾತ್ರೆ ತಗೊಳ್ತೀರಾ ಎಂದು ಕೇಳಿದರು. ಇಲ್ಲ ಎಂದೆ. ಕಾಯಿಲೆಗೆ ತಿನ್ನುವುದು ಮಾತ್ರೆ, ಇದನ್ನು ನಾನು ಮಾತ್ರೆಯ ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವರು ಪೆನ್ನು ಕೆಳಗಿಟ್ಟು, "ಮಕ್ಕಳಾಗದ ಹಾಗೆ ಎಂತಾದ್ರೂ?" ಎಂದರು. ಹೌದು ಎಂದೆ. ಯಾವಾಗಿನಿಂದ, ಯಾವ ತಿಂಗಳು ಎಂದು ಕೇಳುತ್ತಾ ಹೋದರು. ನಾನು ಹೇಳುತ್ತಾ ಹೋದೆ. ಮೇ, ಜೂನ್, ಜುಲೈ. ಮತ್ತೆ ಮೇ. ಹೇಳುತ್ತಾ ಹೇಳುತ್ತಾ ಎದೆಬಡಿತದ ತಿಂಗಳುಗಳೂ ಇವೇ ಎಂದು ನನಗೇ ಹೊಳೆಯಿತು.

"ಎಲ್ಲರಿಗೂ ಹೀಗೆ ಆಗುವುದಿಲ್ಲ," ಎಂದರು. "ತುಂಬ ಜನ ಆರಾಮಾಗಿ ತಗೊಳ್ತಾರೆ. ಕೆಲವರಿಗೆ ಮಾತ್ರ ಮನಸ್ಸಿಗೆ ಬಡೀತದೆ. ನಿಮಗೆ ಅದರಿಂದಲೇ ಅಂತ ನಾನು ಪ್ರಮಾಣ ಮಾಡಲಾರೆ. ನಿಲ್ಲಿಸಿ ನೋಡುವ. ಹಾರ್ಮೋನು ಇಲ್ಲದ ಬೇರೆ ದಾರಿ ಇದೆ. ಸಾಯುವ ಯೋಚನೆ ಮತ್ತೆ ಬಂದರೆ ಅದೇ ದಿನ ಬರಬೇಕು, ನಾಳೆ ಅನ್ನಬಾರದು."

ಸಾಯುವ ಯೋಚನೆ ಎಂದು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಅಲ್ಲೇ ಕುರ್ಚಿಯಲ್ಲಿ ಕುಳಿತು ಅತ್ತುಬಿಟ್ಟೆ. ಮುಂದಿನ ಪೇಶೆಂಟು ಬಾಗಿಲು ತೆರೆದು ನೋಡಿ ಮುಚ್ಚಿದರು.

ಮಾತ್ರೆ ಬಿಟ್ಟೆ. ಹತ್ತು ದಿನ ಏನೂ ಆಗಲಿಲ್ಲ. ಮೂರನೇ ವಾರದಲ್ಲಿ ಒಂದು ಬೆಳಿಗ್ಗೆ ಬಸ್ಸಿನಲ್ಲಿ ಕಣ್ಣು ತೆರೆದುಕೊಂಡೇ ಮರವಂತೆ ದಾಟಿದ್ದೇನೆಂದು ನಾವುಂದದಲ್ಲಿ ಇಳಿದ ಮೇಲೆ ಗೊತ್ತಾಯಿತು. ಮಳೆ ಸುರಿಯುತ್ತಲೇ ಇತ್ತು, ಜುಲೈ ಇನ್ನೂ ಮುಗಿದಿರಲಿಲ್ಲ. ಸಂತೋಷವಾಗಬೇಕಿತ್ತು. ಆಗಲಿಲ್ಲ. ನಾಲ್ಕು ವರ್ಷ ಒಬ್ಬ ಮನುಷ್ಯನನ್ನು ಅವನದಲ್ಲದ ತಪ್ಪಿಗೆ ಸುಟ್ಟಿದ್ದೇನಲ್ಲ ಎಂಬುದು ಆಗಷ್ಟೇ ತಲೆಗೆ ಹತ್ತಿತು.

ಫೋನು ಮಾಡಿದೆ. ಹಿಂದಿನಿಂದ ತಟ್ಟೆ ಲೋಟಗಳ ಸದ್ದು ಕೇಳುತ್ತಿತ್ತು. ಎಲ್ಲ ಹೇಳಿದೆ.

"ನಾಕ್ ವರ್ಷ ತಿಂದ ಗುಳ್ಗಿ ಈಗ ನೆನಪಾಯ್ತಾ?" ಎಂದರು. ಆಮೇಲೆ ಮೆತ್ತಗೆ, "ಬಿಡ್ ಹೆಣೆ. ನಂಗೆ ಬೇಜಾರ್ ಆಪ್ದ್ ಬ್ಯಾಡ ಅಂದ್ ಹೀಂಗ್ ಹೇಳ್ತಾ ಇದ್ದಿ ನೀನ್. ನಾನ್ ಇಲ್ಲೇ ಆರಾಮ್ ಇದ್ದೆ."

ನಂಬಲಿಲ್ಲ. ನನ್ನ ಕೆಟ್ಟ ಮಾತನ್ನು ಒಂದೇ ಸಲಕ್ಕೆ ನಂಬಿದವರು ಒಳ್ಳೆಯ ಮಾತನ್ನು ನಂಬಲಿಲ್ಲ. ಆಗಸ್ಟಿನಲ್ಲಿ ಮುಂಬೈಯಿಂದ ನೇರ ರತ್ನಾಗಿರಿಗೆ ಹೋದರು. ಫೋನಿನಲ್ಲಿ ಮಗಳ ಜೊತೆ ಮಾತಾಡಿ ಇಟ್ಟುಬಿಡುತ್ತಿದ್ದರು.

ಕೊನೆಗೆ ಮಾತ್ರೆಯ ಖಾಲಿ ಶೀಟು ತಂದು ಅತ್ತೆಯ ಮುಂದೆ ಇಟ್ಟೆ. ಬಯ್ಯಲಿ, ಹೊಡೆಯಲಿ, ಊರಿಗೆಲ್ಲ ಹೇಳಲಿ ಎಂದು ನಿಂತೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಮೊಮ್ಮಗ ಬ್ಯಾಡ ಅಂದ್ ತಿಂದದ್ದಾ?" ಎಂದರು. ಹೌದು ಎಂದೆ. ಎದ್ದು ಒಳಗೆ ಹೋದರು. ಎರಡು ದಿನ ನನ್ನ ಜೊತೆ ಮಾತಿಲ್ಲ. ಮೂರನೇ ದಿನ ಮೊಬೈಲು ನನ್ನ ಕೈಗೆ ಕೊಟ್ಟು ಮಗನ ನಂಬರು ಒತ್ತಲು ಹೇಳಿದರು. "ಗುಳ್ಗಿಯೋ ಮತ್ತೊಂದೋ, ನಂಗ್ ತಿಳಿತಿಲ್ಲೆ," ಎಂದು ಅದರೊಳಗೆ ಕಿರುಚಿದರು. "ಚೌತಿಗೆ ನೀನ್ ಮನಿಗ್ ಬರ್ಕ್."

ಚೌತಿಗೆ ರತ್ನಾಗಿರಿಯಲ್ಲಿ ಬೋಟುಗಳು ನಿಲ್ಲುತ್ತವೆ. ಬಂದರು. ಬೈಂದೂರಿನಲ್ಲಿ ರೈಲು ಇಳಿದು, ಬಸ್ಸು ಹಿಡಿದು, ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅಂಗಳದಲ್ಲಿ ನಿಂತಿದ್ದರು. ತೆಳ್ಳಗಾಗಿದ್ದರು. ನೆಂಟರ ಮನೆಗೆ ಬಂದವರ ಹಾಗೆ ಮೆಟ್ಟಿಲ ಕೆಳಗೇ ನಿಂತು ನನ್ನ ಮುಖ ನೋಡಿದರು. ನಾನು ಬಾಗಿಲಲ್ಲಿದ್ದೆ. ಅಷ್ಟರಲ್ಲಿ ಮಗಳು ಒಳಗಿನಿಂದ ಓಡಿಬಂದಳು. ಅಪ್ಪನ ಕಡೆ ಹೋಗಲಿಲ್ಲ. ನನ್ನ ಸೀರೆಯ ಸೆರಗು ಹಿಡಿದೆಳೆದು, ಅದರ ತುದಿಯನ್ನು ನನ್ನ ಕೈಗೆ ತುರುಕಿದಳು, ಕಣ್ಣು ಒರೆಸಿಕೊಳ್ಳಲಿಕ್ಕೆ. ನಮ್ಮಲ್ಲಿ ಅಳುವುದಕ್ಕೆ ಮರ್ಕುವುದು ಅನ್ನುತ್ತೇವೆ.

"ಅಮ್ಮ, ಮರ್ಕ್‌ಬೇಡ," ಎಂದಳು. "ಅಪ್ಪಯ್ಯ ಬೇಗ ಹೋತ್ರ್."

ಅಪ್ಪ ಬೇಗ ಹೋಗುತ್ತಾರೆಂಬ ಆ ಸಮಾಧಾನ ಅವರಿಗೂ ಕೇಳಿಸಿತು. ಚೀಲದ ಪಟ್ಟಿಯನ್ನು ಹೆಗಲಿಗೆ ಮತ್ತೆ ಏರಿಸಿಕೊಂಡರು. ನಾನು ಮೆಟ್ಟಿಲಿಳಿದು ಹೋಗಿ ಆ ಚೀಲವನ್ನು ಹಿಡಿದೆ. ಅವರು ಬಿಡಲಿಲ್ಲ.

"ಗುಳ್ಗಿಯಿಂದ ಅಲ್ದಿದ್ರೆ?" ಎಂದು ಕೇಳಿದರು, ನನಗೆ ಮಾತ್ರ ಕೇಳುವ ಹಾಗೆ.

ಅದೇ ಪ್ರಶ್ನೆ ನನ್ನೊಳಗೂ ಇತ್ತು. ಡಾಕ್ಟರಮ್ಮ ಪ್ರಮಾಣ ಮಾಡಿರಲಿಲ್ಲ, ನಾನೂ ಮಾಡಲಾರೆ.

"ಅಲ್ದಿದ್ರೆ ನಿಮ್ಮೆದ್ರೇ ಮರ್ಕ್ತೆ," ಎಂದೆ. "ನೀವ್ ಹೋಪ್ದ್ ಮಾತ್ರ ಬ್ಯಾಡ."

ಅವರು ಚೀಲ ಬಿಟ್ಟರು.