ಕ್ಯೋಟೋದಲ್ಲಿ ಬಿಟ್ಟ ಬೂಟು

ಹಡಗಿನ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದ ನಾನು ನೋಡಿದ ಲೋಕವೆಂದರೆ ಬರೀ ಬಂದರುಗಳು. ತೊಂಬತ್ತರ ದಶಕದಲ್ಲಿ ಒಮ್ಮೆ ಮಾತ್ರ, ಹಡಗು ಕೋಬೆಯಲ್ಲಿ ನಿಂತಾಗ ಒಂದು ದಿನದ ರಜೆ ಸಿಕ್ಕಿ, ರೈಲು ಹತ್ತಿ ಜಪಾನಿನ ಹಳೇ ರಾಜಧಾನಿ ಕ್ಯೋಟೋಗೆ ಹೋದೆ.

ಅಲ್ಲಿನ ದೊಡ್ಡ ದೇವಾಲಯದ ಹೆಬ್ಬಾಗಿಲಲ್ಲೇ ಬೂಟು ಕಳಚಿದೆ. ಕರಾವಳಿಯ ಹಳ್ಳಿ ಚೆಂಡಿಯಾದವನಿಗೆ ದೇವರ ಅಂಗಳವೆಂದರೆ ಬರಿಗಾಲೇ. ಸ್ವಲ್ಪ ದೂರ ಹೋದ ಮೇಲೆ ಗೊತ್ತಾಯಿತು, ಬೂಟು ಬಿಡುವ ಜಾಗ ಇನ್ನೂ ಎಷ್ಟೋ ಮುಂದೆ, ಜಗಲಿ ಹತ್ತುವಲ್ಲಿ. ಊರಿಗೂರೇ ಬೂಟು ಹಾಕಿ ನಡೆಯುತ್ತಿತ್ತು. ನಾನೊಬ್ಬ ಚಳಿಯಲ್ಲಿ ಜಲ್ಲಿಕಲ್ಲಿನ ಮೇಲೆ ಕುಣಿಯುತ್ತಿದ್ದೆ. ತಿರುಗಿ ಹೋಗಲು ಮಾನ ಬಿಡಲಿಲ್ಲ.

ಆಮೇಲೆ ಕಾಲು ಮರೆತೇ ಹೋಯಿತು. ನನ್ನ ತೆಕ್ಕೆಗೆ ಸಿಗದ ಮರದ ಕಂಬಗಳು. ನೂರಾರು ವರ್ಷ ಜನ ನಡೆದು ನುಣುಪಾದ ಹಲಗೆಗಳು. ನಮ್ಮ ದೇವರ ಮುಂದೆ ಗಂಟೆ, ಜಾಗಟೆ, ಜಗಳ. ಇಲ್ಲಿ ಅಷ್ಟು ಜನವಿದ್ದೂ ನನ್ನ ಉಸಿರು ನನಗೇ ಕೇಳುತ್ತಿತ್ತು. ಯಾವ ದೇವರೆಂದು ತಿಳಿಯದೆಯೇ ಕೈ ಮುಗಿದೆ. ಕಣ್ಣು ತುಂಬಿತು. ಯಾಕೆಂದು ಇವತ್ತಿಗೂ ಹೇಳಲಾರೆ.

ದೇವಸ್ಥಾನದ ಮುಂದೆ ಬಿಟ್ಟ ಚಪ್ಪಲಿ ದಾನ ಕೊಟ್ಟ ಹಾಗೆ ಎಂದುಕೊಂಡೇ ಹೊರಗೆ ಬಂದೆ. ಬೂಟು ಅಲ್ಲೇ ಇತ್ತು. ಅಡ್ಡಾದಿಡ್ಡಿ ಬಿಟ್ಟದ್ದನ್ನು ಯಾರೋ ಜೋಡಿಸಿ, ತುದಿ ಹೊರಗೆ ಮಾಡಿ ಇಟ್ಟಿದ್ದರು. ಕಾಲು ತೂರಿಸಿ ಹೊರಟರೆ ಆಯಿತು. ಪಕ್ಕದಲ್ಲಿ ಎಲೆ ಗುಡಿಸುತ್ತಿದ್ದ ಮುದುಕಿ ನನಗೆ ತಲೆಬಾಗಿದಳು. ಹೋಗುವವನಿಗೂ ಹೀಗೊಂದು ಮರ್ಯಾದೆ ಇರುವುದನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ರಜೆಗೆ ಊರಿಗೆ ಬಂದಾಗ ಚೆಂಡಿಯಾದ ನಮ್ಮ ಮನೆ ನೌಕಾನೆಲೆಗಾಗಿ ಸರ್ಕಾರದ ವಶವಾಗುವುದು ಖಾಯಂ ಆಗಿತ್ತು. ಮನೆ ಬಿಡಬೇಕಿದ್ದರೂ ಅವ್ವ ಒಂದು ಚೊಂಬನ್ನೂ ಕಟ್ಟಿರಲಿಲ್ಲ. ಅಪ್ಪ ತೀರಿಕೊಂಡು ಐದು ವರ್ಷವಾದರೂ ಮೆಟ್ಟಿಲ ಬಳಿ ಅವನ ಟಾಯರ್ ಚಪ್ಪಲಿ ಒಳಗೆ ಮುಖ ಮಾಡಿಯೇ ಇತ್ತು. ಗುಡಿಸುವಾಗ ಎತ್ತಿ, ಮತ್ತೆ ಹಾಗೆಯೇ ಇಡುತ್ತಿದ್ದಳು. ಅವಳಿಗೆ ಆ ಬೂಟಿನ ಕಥೆ ಹೇಳಿದೆ.

"ಹೊರಗೆ ಮುಖ ಮಾಡಿ ಇಡೂದಾ? ಬಂದವ್ರು ಬೇಗ ಹೋಗ್ಲಿ ಹೇಳಿಯಾ?" ಎಂದು ಸಿಡುಕಿದಳು.

"ಅಲ್ಲ ಅವ್ವ, ಹೋಗುವವ್ರಿಗೆ ಕಷ್ಟ ಆಗ್ಬಾರ್ದು ಹೇಳಿ."

"ನಾ ಎಲ್ಲೂ ಹೋಗೂದಿಲ್ಲ ತಮಾ. ನಿನ್ನ ಅಪ್ಪನ್ನ ಇಲ್ಲೇ ಬಿಟ್ಟು ಹ್ಯಾಂಗೆ ಹೋಗೂದು?"

ಅಂಕೋಲೆ ಕಡೆಯ ಹೊಸ ಮನೆಗೆ ಸಾಮಾನು ಒಯ್ಯಲು ಲಾರಿ ಬಂದ ಬೆಳಿಗ್ಗೆ, ಅವ್ವನನ್ನು ಹೇಗೆ ಎಬ್ಬಿಸುವುದೋ ಎಂದು ಹೆದರಿಕೊಂಡೇ ಒಳಗೆ ಹೋದೆ. ಅವಳು ಅಲ್ಲಿರಲಿಲ್ಲ. ಅಂಗಳ ಗುಡಿಸಿ ಮುಗಿಸಿ, ಮೆಟ್ಟಿಲ ಬಳಿ ಕುಕ್ಕರಗಾಲಲ್ಲಿ ಕೂತಿದ್ದಳು. ನಮ್ಮೆಲ್ಲರ ಚಪ್ಪಲಿಗಳೂ ಹೊರಗೆ ತಿರುಗಿದ್ದವು. ಕೊನೆಗೆ ಅಪ್ಪನದನ್ನು ಎತ್ತಿ, ಸೆರಗಿನಲ್ಲಿ ಧೂಳು ಒರೆಸಿ, ತುದಿ ಹೊರಗೆ ಮಾಡಿ ಇಟ್ಟಳು.

"ಏಳಿ, ಹೊತ್ತಾಯ್ತು" ಎಂದು ಅಪ್ಪನಿಗೆ ಹೇಳಿದಳು.