ಭಾವನ ಬೆಳ್ಳಿ ಚಮಚ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಇಕ್ಕಳ, ಕನ್ನಡಿಗಳನ್ನು ಕುದಿಸಿ ಜೋಡಿಸಿಡುವುದು ಅವಳ ಕೆಲಸ. ಮನೆಯಲ್ಲೂ ಲೋಟ ಕಂಡಲ್ಲೆಲ್ಲ ಬಿಸಿನೀರು ಸುರಿಯುತ್ತಾಳೆಂದು ಗಂಡನ ಕಡೆಯವರು ಅವಳಿಗೆ ಬಿಸಿನೀರಮ್ಮ ಎಂದು ಹೆಸರಿಟ್ಟಿದ್ದರು. ಅಂಥವಳ ಹಣೆಬರಹ ನೋಡಿ! ವರ್ಷದ ಹಬ್ಬದೂಟ ಕಿರಿಮಗನ ಮನೆಯಲ್ಲೇ ಆಗಬೇಕೆಂಬುದು ಆ ಮನೆತನದ ಪದ್ಧತಿ, ಅವಳ ಗಂಡನೇ ಕಿರಿಯ.

ಇನ್ನೊಂದು ಪದ್ಧತಿಯೂ ಇತ್ತು. ಯಾರೂ ತಟ್ಟೆಗೆ ಕೈ ಹಾಕುವ ಮೊದಲು ಹಿರಿಯರು ಪ್ರತಿ ಪಾತ್ರೆಯ ರುಚಿ ನೋಡಬೇಕು. ಮಾವ ಇದ್ದಾಗ ಬೆಳ್ಳಿ ಚಮಚದಿಂದ ಅಂಗೈಗೆ ಒಂದೊಂದು ಹನಿ ಬಿಟ್ಟುಕೊಳ್ಳುತ್ತಿದ್ದರು. ಅವರು ಹೋದ ಮೇಲೆ ಆ ಚಮಚ ಗಂಡನ ಅಣ್ಣ, ಅವಳ ಭಾವನ ಪಾಲಿಗೆ ಬಂತು, ನಾಚಿಕೆ ಮಾತ್ರ ಬರಲಿಲ್ಲ. ಚಮಚ ಪಾತ್ರೆಗಿಳಿಯುತ್ತದೆ, ಬಾಯಿಗೆ ಹೋಗುತ್ತದೆ, ಎರಡೂ ಕಡೆ ಚೆನ್ನಾಗಿ ನೆಕ್ಕಿಸಿಕೊಂಡು ಮುಂದಿನ ಪಾತ್ರೆಗೆ ಬೀಳುತ್ತದೆ. ಬಂದ ನೆಂಟರೆಲ್ಲ ಆಹಾ ಎಂದು ತಲೆದೂಗುತ್ತಾರೆ. ಥೂ! ಅವಳು ಅಂದು ಬರೀ ನೀರು ಕುಡಿದು ಮಲಗುತ್ತಾಳೆ. ಗಂಡನಿಗೆ ಹೇಳಿದರೆ ಅದೇ ರಾಗ, "ವರ್ಷಕ್ಕೊಂದ್ ದಿನ ತಾನೆ? ನಂಗೇನೂ ಅನ್ಸಲ್ಲಪ್ಪ."

ಈ ಸಲ ಬಾಯಿ ಮುಚ್ಚಿಕೊಂಡಿರುವಂತಿರಲಿಲ್ಲ. ಮಗಳು ದೊಡ್ಡ ಕಾಯಿಲೆಯಿಂದ ಎದ್ದು ಆಗಷ್ಟೇ ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು. ಯಾರ ಎಂಜಲೂ ಸೋಕಬಾರದು, ಸೋಕಿದರೆ ಮತ್ತೆ ಇಲ್ಲಿಗೇ ಎಂದು ಅಲ್ಲಿನ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಅವಳು ಮಗಳಿಗೆಂದೇ ಗಂಜಿ ಕಾಯಿಸಿ, ಬಿಗಿಯಾಗಿ ಮುಚ್ಚಿ, ಒಲೆಯ ಹಿಂದೆ ಇಟ್ಟಳು. ಇದನ್ನು ಮುಟ್ಟಬೇಡಿ ಎಂದು ಗಂಡನಿಗೂ ತೋರಿಸಿದಳು.

ಹಬ್ಬದ ಸಂಜೆ ಭಾವ ಚಮಚ ಹಿಡಿದು ಅಡುಗೆಮನೆ ಹೊಕ್ಕರು. ಅವಳು ತಟ್ಟೆ ಹಾಕಿ ಬರುವಷ್ಟರಲ್ಲಿ ಎಲ್ಲ ಪಾತ್ರೆಗಳ ಕಥೆಯೂ ಮುಗಿದಿತ್ತು.

"ಇಷ್ಟೇನಾ?" ಎಂದರು ಭಾವ.

"ಇದೊಂದಿದೆ ಅಣ್ಣ," ಎಂದು ಗಂಡ ಹಲ್ಲು ಕಿರಿಯುತ್ತ ಗಂಜಿಯ ಮುಚ್ಚಳ ತೆಗೆದ.

ಅವಳು ಬೇಡ ಎನ್ನುವುದರೊಳಗೆ ಚಮಚ ಗಂಜಿಗಿಳಿದು, ಬಾಯಿಗೆ ಹೋಗಿ, ರುಚಿ ತಿಳಿಯಲಿಲ್ಲವೆಂದು ಮತ್ತೊಮ್ಮೆ ಇಳಿಯಿತು.

"ಅದು ಮಗು ಊಟ!"

"ನಾನೇನ್ ಹೊರಗಿನವನಾ? ಅವಳ ದೊಡ್ಡಪ್ಪ ಕಣಮ್ಮ," ಎಂದು ಭಾವ ಮುಖ ಊದಿಸಿಕೊಂಡು ಹೊರಗೆ ನಡೆದರು.

"ಅಣ್ಣಂಗೆ ಇಲ್ಲ ಅನ್ನೋಕಾಗುತ್ತಾ? ಏನೂ ಆಗಲ್ಲ, ಕೊಡು ಅವಳಿಗೆ," ಎಂದ ಗಂಡ. ಮಗಳು ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

ಅವಳು ಗಂಜಿಯನ್ನು ಬಟ್ಟಲಿಗೆ ಬಗ್ಗಿಸಿ ಗಂಡನ ಕೈಗೆ ಕೊಟ್ಟಳು. "ಏನೂ ಆಗಲ್ಲ ತಾನೆ? ಮೊದಲು ನೀವು ಕುಡೀರಿ."

ಗಂಡ ನಕ್ಕು ಬಟ್ಟಲು ಎತ್ತಿದ. ಗಂಜಿಯ ಮೇಲೆ ಭಾವನ ಮೀಸೆಯ ಕೂದಲೊಂದು ತೇಲುತ್ತಿತ್ತು. ತುಟಿಯವರೆಗೆ ತಂದು, ಮುಖ ಕಿವುಚಿ ಕೆಳಗಿಟ್ಟ. "ನಂಗಾಗಲ್ಲ ಮಾರಾಯ್ತಿ."

ಅಂದರೆ ಇವನಿಗೂ ಅಸಹ್ಯವೇ! ಭಾವನಿಗೆ ಬುದ್ಧಿಯಿಲ್ಲ, ಹಾಳಾಗಿ ಹೋಗಲಿ. ಇವನು ಗೊತ್ತಿದ್ದೂ ಗೊತ್ತಿದ್ದೂ ಮಗಳ ಗಂಜಿಯ ಮುಚ್ಚಳ ತೆಗೆದಿದ್ದ. ಆ ಚಮಚ ನೋಡಿದಾಗ ಬರುತ್ತಿದ್ದ ವಾಕರಿಕೆ ಈ ಮುಖದ ಮುಂದೆ ಏನೇನೂ ಅಲ್ಲ ಅನ್ನಿಸಿತು. ಅವನನ್ನು ಹೊರಗೆ ದಬ್ಬಿ, ಮಗಳನ್ನು ಒಳಗೆ ಕರೆದುಕೊಂಡು ಚಿಲಕ ಹಾಕಿ, ಬೇರೆ ಪಾತ್ರೆಯಲ್ಲಿ ಹೊಸ ಗಂಜಿಗೆ ನೀರಿಟ್ಟಳು.

"ಅಮ್ಮ, ಅಪ್ಪ ಯಾಕೆ ಕುಡೀಲಿಲ್ಲ?" ಎಂದಳು ಮಗಳು.

"ಅದು ಎಂಜಲು ಪುಟ್ಟಿ."

ಮಗಳು ಬಟ್ಟಲಿನತ್ತ ಬೆರಳು ತೋರಿಸಿದಳು. "ಮತ್ತೆ ನಂಗೆ ಕೊಡು ಅಂದ್ರಲ್ಲ?"